ವಿಯೆಟ್ನಾಂಗೆ ಹೊರಟಿದ್ದೀರಾ? ಏಜೆಂಟ್ ಕೊಡೋ ‘ಅಪ್ರೂವಲ್ ಲೆಟರ್’ ವೀಸಾ ಅಲ್ಲ, ದುಡ್ಡು ಹಾಕೋ ಮುಂಚೆ ಓದಿ

ಯಾರೇ ಇರಲಿ, ವಿಯೆಟ್ನಾಂ ವೀಸಾಗೆ ಅಂತ ಏಜೆಂಟ್‌ಗೆ ದುಡ್ಡು ಹಾಕೋ ಮುಂಚೆ ಇದನ್ನೊಮ್ಮೆ ಓದಿಬಿಡಿ. ‘ಇ-ವೀಸಾ ಮಾಡಿಸಿಕೊಡ್ತೀವಿ’ ಅಂತ ನನ್ನಿಂದ 90 ಡಾಲರ್ ಇಸ್ಕೊಂಡು ಏಜೆಂಟ್ ಕಳಿಸಿದ್ದು ಇ-ವೀಸಾ ಅಲ್ಲವೇ ಅಲ್ಲ. ಅಪ್ರೂವಲ್ ಲೆಟರ್! ಅದು ಗೊತ್ತಾಗಿದ್ದು ಎಲ್ಲಿ? ಹನೋಯ್‌ನ ನೋಯ್ ಬಾಯ್ ವಿಮಾನ ನಿಲ್ದಾಣದ ಇಮಿಗ್ರೇಶನ್ ಕೌಂಟರಲ್ಲಿ, ಹಿಂದೆ ಉದ್ದಕ್ಕೆ ಸಾಲು ನಿಂತಿರುವಾಗ. ಅಧಿಕಾರಿ ಹಾಳೆ ನೋಡಿ, ಪಾಸ್‌ಪೋರ್ಟ್ ವಾಪಸ್ ಕೊಟ್ಟು, ಇಳಿದ ಮೇಲೆ ವೀಸಾ ಕೊಡೋ ಲ್ಯಾಂಡಿಂಗ್ ವೀಸಾ ಕೌಂಟರ್ ಕಡೆ ಕೈ ತೋರಿಸಿದರು. ಅಷ್ಟೇ. ಅಷ್ಟು ಜನರ ಮುಂದೆ ಸಾಲಿನಿಂದ ಆಚೆ ಬರಬೇಕಾದಾಗ ಆಗೋ ಅವಮಾನ ಬೇರೆ ಯಾರಿಗೂ ಬೇಡ.

ಆ ಹಾಳೆ ಹೇಗಿರುತ್ತೆ ಅಂತ ಹೇಳ್ತೀನಿ, ಗುರುತಿಟ್ಟುಕೊಳ್ಳಿ. ಮೇಲೆ ವಿಯೆಟ್ನಾಮೀಸ್ ಭಾಷೆಯ ತಲೆಬರಹ, ಕೆಳಗೆ ದುಂಡನೆಯ ಕೆಂಪು ಸೀಲು, ಸಹಿ, ನಡುವೆ ಒಂದು ಪಟ್ಟಿ. ಪಟ್ಟಿಯಲ್ಲಿ ಹೆಸರು, ಹುಟ್ಟಿದ ದಿನ, ದೇಶ, ಪಾಸ್‌ಪೋರ್ಟ್ ನಂಬರ್. ಯಾರ್ಯಾರದೋ ಹೆಸರು, ಯಾವ್ಯಾವ ದೇಶದವರೋ, ಅವರ ನಡುವೆ ನಮ್ಮದೊಂದು ಸಾಲು. ಅಂದರೆ ಮುಖ ಕಾಣದ ಅಷ್ಟೂ ಜನರ ಫೋನಲ್ಲಿ ನಮ್ಮ ಪಾಸ್‌ಪೋರ್ಟ್ ನಂಬರ್ ಕೂತಿದೆ. ಇದನ್ನು ನೆನೆಸಿಕೊಂಡರೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಸಿಟ್ಟು ಬರುತ್ತೆ. ನಿಜವಾದ ಇ-ವೀಸಾ ನಿಮ್ಮ ಹೆಸರಿಗೇ ಬರೋ ದಾಖಲೆ, ಅಪರಿಚಿತರ ಪಟ್ಟಿ ಅದರಲ್ಲಿ ಇರಲ್ಲ.

ಲೆಟರ್ ನಕಲಿ ಅಂತ ನಾನು ಹೇಳ್ತಿಲ್ಲ. ‘ನಿಲ್ದಾಣಕ್ಕೆ ಬಂದರೆ ಇವರಿಗೆ ವೀಸಾ ಕೊಡಬಹುದು’ ಅನ್ನೋ ಒಪ್ಪಿಗೆ ಅದು, ವೀಸಾ ಅಲ್ಲ. ಅದನ್ನು ಹಿಡಿದು ಲ್ಯಾಂಡಿಂಗ್ ವೀಸಾ ಕೌಂಟರಿಗೆ ಹೋಗಬೇಕು, ಎನ್‌ಎ1 ಅನ್ನೋ ಅರ್ಜಿ ತುಂಬಬೇಕು, 4x6 ಸೆಂ.ಮೀ. ಫೋಟೊ ಕೊಡಬೇಕು, ಹೆಸರು ಕರೆಯೋವರೆಗೆ ಕಾಯಬೇಕು. ಆಮೇಲೆ ಸ್ಟಾಂಪಿಂಗ್ ಫೀ: ಒಂದು ಪ್ರವೇಶದ ವೀಸಾಗೆ 25 ಡಾಲರ್, ನಗದು. ಹೌದು, ಏಜೆಂಟ್‌ಗೆ ಕೊಟ್ಟ 90 ಡಾಲರ್ ಮೇಲೆ ಇನ್ನೂ 25! ಸ್ಟಿಕ್ಕರ್ ಅಂಟಿಸಿಕೊಂಡ ಮೇಲೆ ಮತ್ತೆ ಇಮಿಗ್ರೇಶನ್ ಸಾಲಿನ ಬಾಲಕ್ಕೆ. ಇನ್ನೊಂದು ವಿಷಯ, ಈ ಲೆಟರ್ ನಡೆಯೋದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳಲ್ಲಿ ಮಾತ್ರ. ಕಾಂಬೋಡಿಯಾದಿಂದ ಬಸ್ಸಲ್ಲಿ ಮೊಕ್ ಬಾಯ್ ಗಡಿಗೆ ಬಂದು ಇದನ್ನು ತೋರಿಸಿದರೆ ಒಳಗೆ ಬಿಡಲ್ಲ.

ಈಗ ಏಜೆಂಟ್ ಕೊಟ್ಟ ಉತ್ತರಗಳನ್ನು ಕೇಳಿ. ಮೊದಲು, ‘ಸರ್, ಎಲ್ಲರಿಗೂ ಇದನ್ನೇ ಕೊಡೋದು ಸರ್, ಇದೇ ವೀಸಾ.’ ಕೌಂಟರಲ್ಲಿ ಮತ್ತೆ ದುಡ್ಡು ಕೇಳ್ತಿದ್ದಾರೆ ಅಂದರೆ, ‘ಅದು ಗವರ್ನಮೆಂಟ್ ಚಾರ್ಜ್ ಸರ್, ನಮ್ಮದು ಸರ್ವಿಸ್ ಚಾರ್ಜ್.’ ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ‘ಇನ್‌ವಾಯ್ಸ್ ಕೆಳಗಡೆ ಸ್ಟಾಂಪಿಂಗ್ ಫೀ ಎಕ್ಸ್‌ಟ್ರಾ ಅಂತ ಹಾಕಿದೀವಲ್ಲ ಸರ್, ನೋಡಿ.’ ಇದೆ, ಸಣ್ಣ ಅಕ್ಷರದಲ್ಲಿ ಇದೆ. ಆದರೆ ಅದೇ ಇನ್‌ವಾಯ್ಸ್‌ನ ಮೇಲುಗಡೆ ದಪ್ಪಕ್ಷರದಲ್ಲಿ ಇ-ವೀಸಾ ಅಂತ ಇದೆಯಲ್ಲ, ಅದಕ್ಕೇನು ಹೇಳ್ತೀರಿ? ಅದಕ್ಕೆ ಉತ್ತರ ಇಲ್ಲ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಆಮೇಲೆ ಬಂದ ಮೆಸೇಜ್, ‘ಎಂಟ್ರಿ ಆಯ್ತಲ್ಲ ಸರ್, ಇನ್ನೇನು ಸಮಸ್ಯೆ?’ ಒಳಗೆ ಬಿಟ್ಟರು ಅನ್ನೋ ಒಂದೇ ಕಾರಣಕ್ಕೆ ಮೋಸ ಮೋಸ ಅಲ್ಲ ಅಂತಾಗುತ್ತಾ?

ಇಷ್ಟಕ್ಕೂ ಇದಕ್ಕೆ ಏಜೆಂಟ್ ಬೇಕಾಗೇ ಇಲ್ಲ. 2023ರ ಆಗಸ್ಟ್ 15ರಿಂದ ವಿಯೆಟ್ನಾಂ ಎಲ್ಲ ದೇಶದವರಿಗೂ ಇ-ವೀಸಾ ಕೊಡ್ತಿದೆ, 90 ದಿನದವರೆಗೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಸರ್ಕಾರಿ ಪೋರ್ಟಲ್ ವಿಳಾಸ ‘ಇವೀಸಾ ಡಾಟ್ ಜಿಒವಿ ಡಾಟ್ ವಿಎನ್’. ಕೊನೆಯಲ್ಲಿ ‘ಜಿಒವಿ ಡಾಟ್ ವಿಎನ್’ ಇಲ್ಲ ಅಂದರೆ ಅದು ಖಾಸಗಿ ಅಂಗಡಿ, ಮುಖಪುಟದಲ್ಲಿ ಎಷ್ಟೇ ದೊಡ್ಡ ಲಾಂಛನ, ಬಾವುಟ ಹಾಕಿಕೊಂಡಿರಲಿ. ಹುಡುಕಿದಾಗ ಮೇಲೆ ಬರೋ ಜಾಹೀರಾತುಗಳನ್ನು ಒತ್ತಲೇಬೇಡಿ.

ಬೇಕಾಗೋದು ಎರಡೇ ಚಿತ್ರ. ಪಾಸ್‌ಪೋರ್ಟಿನ ಫೋಟೊ ಇರೋ ಪುಟ ಪೂರ್ತಿ ಕಾಣಬೇಕು, ಕೆಳಗಿನ ಎರಡು ಸಾಲು ಚಿಹ್ನೆಗಳ ಮೇಲೆ ಬೆರಳಾಗಲಿ ಬೆಳಕಿನ ಹೊಳಪಾಗಲಿ ಬಿದ್ದಿರಬಾರದು. ಇನ್ನೊಂದು ನಿಮ್ಮ ಮುಖದ ಫೋಟೊ, ಕನ್ನಡಕ ಇಲ್ಲದೆ. ಹೆಸರು ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಬರೀಬೇಕು. ಇನಿಶಿಯಲ್ ಬಿಡಿಸಿ ಬರೆದಿದ್ದರೆ ಪೂರ್ತಿ ಬಿಡಿಸಿಯೇ ಬರೀರಿ. ಪಾಸ್‌ಪೋರ್ಟ್ ನಂಬರಲ್ಲಿ ಸೊನ್ನೆಗೂ ‘ಒ’ ಅಕ್ಷರಕ್ಕೂ ಅದಲು ಬದಲಾದರೆ ಹೊರಡೋ ನಿಲ್ದಾಣದಲ್ಲೇ ವಿಮಾನ ಸಂಸ್ಥೆಯವರು ಬೋರ್ಡಿಂಗ್ ಪಾಸ್ ಕೊಡಲ್ಲ. ವೀಸಾ ಬಂದ ಮೇಲೆ ತಪ್ಪು ಕಂಡರೆ ಹೊಸ ಅರ್ಜಿ, ಹೊಸ ಶುಲ್ಕ. ಅರ್ಜಿ ತಿರಸ್ಕಾರ ಆದರೂ ಶುಲ್ಕ ವಾಪಸ್ ಬರಲ್ಲ.

ದಿನಾಂಕದ ವಿಷಯದಲ್ಲಿ ಬಹಳ ಹುಷಾರು. ಇ-ವೀಸಾದ 90 ದಿನ ನೀವು ಇಳಿದ ದಿನದಿಂದ ಲೆಕ್ಕ ಅಲ್ಲ, ವೀಸಾದಲ್ಲಿ ಅಚ್ಚಾಗಿರೋ ತಾರೀಖಿಂದ ತಾರೀಖಿಗೆ. ಶುರುವಾಗೋ ದಿನಕ್ಕಿಂತ ಒಂದು ದಿನ ಮುಂಚೆ ಇಳಿದರೂ ಒಳಗೆ ಬಿಡಲ್ಲ. ಮಧ್ಯರಾತ್ರಿ ಆಸುಪಾಸಿನ ವಿಮಾನ ಹಿಡಿಯೋರು ಇಳಿಯೋ ತಾರೀಖನ್ನು ಎರಡು ಸಲ ನೋಡಿ. ಯಾವ ನಿಲ್ದಾಣದಿಂದ ಒಳಗೆ ಬರ್ತೀರಿ ಅನ್ನೋದನ್ನೂ ಅರ್ಜಿಯಲ್ಲಿ ಕೇಳ್ತಾರೆ: ನೋಯ್ ಬಾಯ್, ತಾನ್ ಸೋನ್ ನ್ಯಾಟ್, ದಾ ನಾಂಗ್, ಹೀಗೆ. ಟಿಕೆಟ್ ನೋಡಿಕೊಂಡೇ ತುಂಬಿ.

ಏಜೆಂಟ್ ಮೂಲಕವೇ ಮಾಡಿಸ್ತೀವಿ ಅನ್ನೋರು ಇದೊಂದು ಮಾತು ಕೇಳಿ. ಅರ್ಜಿ ಸ್ಥಿತಿ ನೋಡೋಕೆ ಪೋರ್ಟಲ್ ಕೇಳೋದು ಮೂರು: ರಿಜಿಸ್ಟ್ರೇಶನ್ ಕೋಡ್, ಅರ್ಜಿಯಲ್ಲಿ ಕೊಟ್ಟ ಇಮೇಲ್, ಹುಟ್ಟಿದ ದಿನಾಂಕ. ಏಜೆಂಟ್ ತನ್ನ ಇಮೇಲ್ ಹಾಕಿ, ಕೋಡ್ ತಾನೇ ಇಟ್ಟುಕೊಂಡರೆ ಬೀಗದ ಕೈ ಅವನ ಹತ್ತಿರವೇ ಉಳಿಯುತ್ತೆ. ಅರ್ಜಿ ಹಾಕಿದಾನೋ ಇಲ್ಲವೋ ನಿಮಗೆ ಗೊತ್ತಾಗಲ್ಲ. ‘ಪ್ರೋಸೆಸ್‌ನಲ್ಲಿದೆ ಸರ್’ ಅಂತಾನೆ, ಹೊರಡೋ ದಿನ ಹತ್ತಿರ ಬಂದಾಗ ‘ಅರ್ಜಂಟ್ ಚಾರ್ಜ್ ಹಾಕಿದ್ರೆ ಇವತ್ತೇ ಆಗುತ್ತೆ’ ಅಂತಾನೆ. ಸರ್ಕಾರಿ ಪೋರ್ಟಲಲ್ಲಿ ಅರ್ಜಂಟ್ ಅನ್ನೋ ಆಯ್ಕೆಯೇ ಇಲ್ಲ! ಹೇಳಿರೋ ಅವಧಿ 3 ಕೆಲಸದ ದಿನ, ಆದರೆ ಅದಕ್ಕಿಂತ ತಡ ಆಗೋದು ಮಾಮೂಲು. ಟೆಟ್ ಅಂದರೆ ಅವರ ಹೊಸ ವರ್ಷದ ಹಬ್ಬದ ವಾರ, ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2ರ ರಜೆಗಳಲ್ಲಿ ಕಚೇರಿ ಮುಚ್ಚಿರುತ್ತೆ. ಎರಡು ಮೂರು ವಾರ ಮುಂಚೆಯೇ ಹಾಕಿ, ನಿಮ್ಮ ಇಮೇಲ್‌ನಿಂದ ಹಾಕಿ.

ಫು ಕ್ವೊಕ್ ದ್ವೀಪಕ್ಕೆ ಮಾತ್ರ ಹೋಗಿ ಬರೋರಿಗೆ, ಹೊರದೇಶದಿಂದ ನೇರ ಅಲ್ಲಿಗೇ ಇಳಿದರೆ, 30 ದಿನ ವೀಸಾನೇ ಬೇಡ. ಅಂಥವರಿಗೂ ವೀಸಾ ಮಾರೋರಿದ್ದಾರೆ.

ರೀಫಂಡ್ ಕೇಳಿದ್ದಕ್ಕೆ ಕೊನೆಗೆ ಬಂದ ಉತ್ತರ: ‘ಸರ್ವಿಸ್ ಕೊಟ್ಟಾಗಿದೆ ಸರ್, ಪಾಲಿಸಿ ಪ್ರಕಾರ ಆಗಲ್ಲ.’ ಕಾರ್ಡಲ್ಲಿ ಕಟ್ಟಿದ್ದರಿಂದ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡು ವಾಪಸ್ ಕೊಡಿಸಿ ಅನ್ನೋ ಅರ್ಜಿ, ಹಾಕಿದೀನಿ, ಇ-ವೀಸಾ ಅಂತ ಬರೆದಿರೋ ಇನ್‌ವಾಯ್ಸ್, ಅಪ್ರೂವಲ್ ಲೆಟರ್ ಎರಡನ್ನೂ ಲಗತ್ತಿಸಿ. ನೇರ ಟ್ರಾನ್ಸ್‌ಫರ್ ಮಾಡಿದ್ದರೆ ಆ ದಾರಿಯೂ ಇರ್ತಿರಲಿಲ್ಲ.