ಶಿರಸಿಯ ‘ಮಂಗಳ ಇಳಿತ’ ಮಾದರಿ ಸೆಟ್ಟು: ಶಾಲೆಗೆ ತರಿಸಬಹುದೇ?

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರಿಗಾಗಿ ಬರೆಯುತ್ತಿದ್ದೇನೆ. ಮಂಗಳನ ಮೇಲೆ ಸಾಮಾನು ಇಳಿಸುವ ಬೇರೆಬೇರೆ ವಿಧಾನಗಳ ಮಾದರಿ ಸೆಟ್ಟನ್ನು ಶಿರಸಿಯ ದೇವಿಕೆರೆ ಬಳಿಯ ಒಂದು ಸಣ್ಣ ಅಂಗಡಿಯಿಂದ ತರಿಸಿದೆ. ವಸ್ತುಪ್ರದರ್ಶನಕ್ಕೆ ಮಾದರಿ ಮಾಡಿಕೊಡುವವರು. ಬೆಲೆ 1,850 ರೂಪಾಯಿ. ಅಂಕೋಲಾಕ್ಕೆ ಬಸ್ಸಿನಲ್ಲೇ ಪಾರ್ಸೆಲ್ ಹಾಕಿದರು.

ಪೆಟ್ಟಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮರದ ಘನಗಳು. ಒಂದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಎಂಟನ್ನು ಜೋಡಿಸಿ ದೊಡ್ಡ ಘನ ಮಾಡಿ. ತೂಕ ಎಂಟು ಪಟ್ಟು. ಗಾಳಿಗೆ ಎದುರಾಗುವ ತಳ ಮಾತ್ರ ನಾಲ್ಕೇ ಪಟ್ಟು. ಅಂದರೆ ನೌಕೆ ದೊಡ್ಡದಾದಷ್ಟೂ ಅದರ ತೂಕಕ್ಕೆ ಗಾಳಿಯ ತಡೆ ಸಾಲದು. ಮಂಗಳನಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಯದರ ನೂರನೇ ಒಂದು ಪಾಲಿಗೂ ಕಡಿಮೆ, ನೌಕೆ ನುಗ್ಗುವುದೋ ಗಂಟೆಗೆ ಸುಮಾರು 20,000 ಕಿ.ಮೀ. ವೇಗದಲ್ಲಿ. 2021ರಲ್ಲಿ ಇಳಿದ ನಾಸಾದ ಪರ್ಸೆವೆರೆನ್ಸ್ ರೋವರ್ 1,025 ಕಿಲೋ ಇತ್ತು. ಅಷ್ಟಕ್ಕೇ 21.5 ಮೀಟರ್ ಅಗಲದ ಪ್ಯಾರಾಚೂಟ್ ಬೇಕಾಯಿತು, ಅದೂ ಸಾಲದೆ ರಾಕೆಟ್ ಉರಿಸಿ ಹಗ್ಗ ಕಟ್ಟಿ ಇಳಿಸಿದರು. ಮನುಷ್ಯರು ಹೋಗುವುದಾದರೆ ಹತ್ತಾರು ಟನ್ ಸಾಮಾನು ಇಳಿಯಬೇಕು. “ದೊಡ್ಡ ಪ್ಯಾರಾಚೂಟ್ ಕಟ್ಟಿದ್ರಾಯ್ತಲ್ಲ ಅಕ್ಕೋರೆ” ಎನ್ನುತ್ತಿದ್ದ ಒಂಬತ್ತನೇ ತರಗತಿಯ ಹುಡುಗ ತಾನೇ ಘನ ಜೋಡಿಸಿ, ತಳ ಎಣಿಸಿ, “ಹಾಗಾದ್ರೆ ತಳ ಒಂದನ್ನೇ ಅಗಲ ಮಾಡಿದ್ರೆ?” ಎಂದ. ಪಾಠಕ್ಕೆ ಇದಕ್ಕಿಂತ ಇನ್ನೇನು ಬೇಕು!

ಅವನ ಪ್ರಶ್ನೆಗೆ ಉತ್ತರವೂ ಸೆಟ್ಟಿನಲ್ಲಿದೆ. ಚಿಕ್ಕದರಿಂದ ದೊಡ್ಡದಕ್ಕೆ ಒಂದರ ಮೇಲೊಂದು ಕೂರಿಸಿದ ಟ್ಯೂಬುಗಳು, ಮೇಲೆ ಬಟ್ಟೆ. ಮಡಚಿದರೆ ಡಬ್ಬಿಯೊಳಗೆ ಹಿಡಿಸುತ್ತದೆ, ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಅಗಲದ ಗುರಾಣಿಯಾಗುತ್ತದೆ. ನಾಸಾದವರು ಲಾಫ್ಟಿಡ್ ಎಂಬ ಇಂಥದೇ 6 ಮೀಟರ್ ಗುರಾಣಿಯನ್ನು 2022ರ ನವೆಂಬರ್ 10ರಂದು ಭೂಮಿಯ ಕಕ್ಷೆಯಿಂದ ಇಳಿಸಿ ಪರೀಕ್ಷಿಸಿದರು. ಬಿಸಿ ತಡೆದುಕೊಂಡು ಪೆಸಿಫಿಕ್ ಸಾಗರಕ್ಕೆ ಬಂದು ಬಿತ್ತು. ನಮ್ಮ ಸೆಟ್ಟಿನ ಒಂದು ವಾಲ್ವ್ ಸೋರುತ್ತಿತ್ತು. ಫೋನ್ ಮಾಡಿದೆ, ಬೇರೆ ಟ್ಯೂಬ್ ಕಳಿಸಿದರು, ದುಡ್ಡು ಕೇಳಲಿಲ್ಲ.

ಅಡಿಕೆ ಹಾಳೆಯನ್ನು ಪದರ ಪದರವಾಗಿ ಮಡಚಿ ಮಾಡಿದ ತಳವೊಂದಿದೆ, ಒಳಗೆ ಮೊಟ್ಟೆ ಇಟ್ಟು ಮಹಡಿಯಿಂದ ಬಿಡುವುದು. ಹಾಳೆ ನಜ್ಜುಗುಜ್ಜಾಯಿತು, ಮೊಟ್ಟೆ ಉಳಿಯಿತು, ಶಾಲೆಗೆ ಶಾಲೆಯೇ ಕೂಗಿತು. ಶೀಲ್ಡ್ ಎಂಬ ನಾಸಾ ವಿನ್ಯಾಸದ ತತ್ವ ಇದೇ. 2022ರ ಆಗಸ್ಟ್‌ನಲ್ಲಿ ಗಂಟೆಗೆ ಸುಮಾರು 177 ಕಿ.ಮೀ. ವೇಗದಲ್ಲಿ ಉಕ್ಕಿನ ಹಲಗೆಗೆ ಬಡಿಸಿದಾಗ ಒಳಗಿಟ್ಟ ಮೊಬೈಲ್ ಕೆಡಲಿಲ್ಲ. ಆದರೆ ಇದು ಸಣ್ಣ ಉಪಕರಣಗಳಿಗೆ ಸರಿಹೋದೀತು, ಟನ್ನುಗಟ್ಟಲೆ ಭಾರಕ್ಕಲ್ಲ. ಕೈಪಿಡಿಯಲ್ಲಿ ಈ ಮಾತೇ ಇಲ್ಲ, ನೀವೇ ಹೇಳಿಕೊಡಬೇಕು. ಸೆಟ್ಟಿನಲ್ಲಿರುವ ಗಾಳಿಚೀಲದ ಚೆಂಡು ಪರವಾಗಿಲ್ಲ, 1997ರಲ್ಲಿ ಗಾಳಿಚೀಲಗಳ ಮೇಲೆ ಪುಟಿಯುತ್ತಾ ಮಂಗಳಕ್ಕಿಳಿದ ಪಾತ್‌ಫೈಂಡರ್ ನೌಕೆಯ ಕಥೆ ಹೇಳಲು ಸಾಕು.

ನನ್ನ ನಿಜವಾದ ತಕರಾರು ಬೇರೆ. ಭಾರದ ಸಾಮಾನಿಗೆ ಎಲ್ಲರೂ ಹೆಚ್ಚು ನಂಬಿರುವ ದಾರಿ, ಶಬ್ದಕ್ಕಿಂತ ವೇಗವಾಗಿ ಬೀಳುತ್ತಿರುವಾಗಲೇ ರಾಕೆಟ್ ಅನ್ನು ಎದುರಿಗೆ ಉರಿಸಿ ನಿಧಾನ ಮಾಡುವುದು, ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಬೂಸ್ಟರುಗಳು (ಕೆಳಗಿನ ಹಂತ) 2013ರಿಂದ ನಮ್ಮ ಮೇಲ್ವಾತಾವರಣದ ತೆಳುಗಾಳಿಯಲ್ಲಿ ಇದನ್ನು ಮಾಡಿ ತೋರಿಸಿವೆ. ಅಂಗಡಿಯವರು “ಬೆಂಕಿ ಮಕ್ಕಳ ಕೈಗೆ ಹೆಂಗೆ ಕೊಡೂದು ಅಕ್ಕೋರೆ?” ಎಂದರು. ಬೆಂಕಿ ಬೇಡ, ಊದಿದ ಬಲೂನನ್ನು ಬಾಯಿ ಕೆಳಗಾಗಿ ಮಾದರಿಗೆ ಕಟ್ಟಿ ಗಾಳಿ ಬಿಟ್ಟರೂ ತತ್ವ ತೋರಿಸಬಹುದು ಎಂದು ಹೇಳಿದ್ದೇನೆ. ಮುಂದಿನ ಸೆಟ್ಟಿಗೆ ಸೇರಿಸುತ್ತಾರಂತೆ.

ಇದ್ದಂತೆಯೇ ತರಿಸಿದರೂ ನಷ್ಟವಿಲ್ಲ. ಹಾಳೆಯ ತಳ ಮಾತ್ರ ಒಂದೇ ಸಲಕ್ಕೆ. ನಾಲ್ಕೈದು ಹೆಚ್ಚಿಗೆ ಕೇಳಿ, ಮಳೆಗಾಲದ ಮೊದಲೇ ತರಿಸಿಕೊಳ್ಳಿ, ಆಮೇಲೆ ಬೂಷ್ಟು ಹಿಡಿಯುತ್ತದೆ.