ಹೊಳಪಿನ ಆಸೆಗೆ ರಿವಾಲ್ವರ್‌ನ ಸಂಖ್ಯೆಯನ್ನೇ ಉಜ್ಜಿದೆ

ಪರವಾನಗಿ ಪಡೆದ ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರ್ ಇರುವ ತೋಟದ ಮನೆಯವರು ಯಾರಾದರೂ ಈ ಸಲದ ಆಯುಧಪೂಜೆಗೆ ಅದನ್ನು ಬೆಳಗಿಡಬೇಕೆಂದು ಉಪ್ಪುಕಾಗದ ತಂದಿಟ್ಟುಕೊಂಡಿದ್ದರೆ, ದಯವಿಟ್ಟು ಮೊದಲು ಇದನ್ನು ಓದಿ. ನಾನು ನನ್ನ ಕೈಯಾರೆ ಮಾಡಿಕೊಂಡ ಎಡವಟ್ಟು ಇದು. ಇದರಲ್ಲಿ ಬೇರೆ ಯಾರದೂ ತಪ್ಪಿಲ್ಲ.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಬೆಳೆ ಕಾವಲಿಗೆ ಕೋವಿ ಅಜ್ಜನ ಕಾಲದಿಂದಲೂ ಇದೆ. ರಿವಾಲ್ವರ್ ಮಾತ್ರ ಅಪ್ಪನದು; .32 ಬೋರಿನದು, ವಿದೇಶಿ ತಯಾರಿಕೆ, ಯಾರೋ ಬಳಸಿದ್ದನ್ನು ಬೆಂಗಳೂರಿನ ಅಂಗಡಿಯಲ್ಲಿ ಕೊಂಡದ್ದು. ಅಪ್ಪ ತೀರಿಕೊಂಡ ಮೇಲೆ ಪರವಾನಗಿ ನನ್ನ ಹೆಸರಿಗೆ ಬಂತು. ಅದಕ್ಕೆ ಹೊಸ ಚೊಂಬಿನ ಥಳಥಳ ಇರಲಿಲ್ಲ. ಕಾರ್ಖಾನೆಯಲ್ಲೇ ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ಗೆರೆಗಳು, ಅದರ ಮೇಲೆ ಬೂದು ಬಣ್ಣದ ಮಂದ ಮಿರುಗು. ಅದು ಹಾಗೆಯೇ ಇರಬೇಕಾದದ್ದು ಎಂದು ನನಗೆ ಆಗ ತಿಳಿದಿರಲಿಲ್ಲ. ಮಾಸಿದೆ ಎಂದುಕೊಂಡೆ.

2023ರ ಮಳೆಗಾಲವೆಲ್ಲ ಅದು ಚರ್ಮದ ಚೀಲದಲ್ಲಿ, ಬೀರುವಿನೊಳಗೆ ಇತ್ತು. ನವರಾತ್ರಿಗೆ ತೆಗೆದು ನೋಡಿದರೆ ನಳಿಕೆಯ ಬಲಬದಿಯಲ್ಲೂ ಹಿಡಿಯ ಹತ್ತಿರವೂ ಕಂದು ಚುಕ್ಕೆಗಳು. ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ್ದು ಎಂಬುದು ನಾವು ಅಡುಗೆಮನೆಯಲ್ಲಿ ಕಲಿತ ಪಾಠ. ಒಳ್ಳೆಯ ಪಾತ್ರೆಗೆ ಬಳಸುವ 304 ದರ್ಜೆಯ ಉಕ್ಕಿನಲ್ಲಿ ಸುಮಾರು ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕೆಲ್ ಇರುತ್ತದೆ. ಬಂದೂಕಿಗೆ ಹೆಚ್ಚಾಗಿ ಬಳಸುವುದು ಕಾಯಿಸಿ ಗಡಸು ಮಾಡಬಹುದಾದ ಬೇರೆ ಜಾತಿಯ ಉಕ್ಕು. ಉದಾಹರಣೆಗೆ 416 ದರ್ಜೆಯಲ್ಲಿ ಕ್ರೋಮಿಯಂ ಶೇ 12ರಿಂದ 14 ಮಾತ್ರ. ಆ ಕ್ರೋಮಿಯಂ ಗಾಳಿಯೊಡನೆ ಸೇರಿ ಕಟ್ಟುವ, ಕಣ್ಣಿಗೆ ಕಾಣದ ಪೊರೆಯೇ ಉಕ್ಕನ್ನು ಕಾಯುವುದು. ಬೆವರಿನ ಉಪ್ಪು, ಹದ ಮಾಡಿದ ಚರ್ಮದ ಆಮ್ಲ, ನಮ್ಮ ಆಷಾಢದ ತೇವ ಮೂರೂ ಸೇರಿ ತಿಂಗಳುಗಟ್ಟಲೆ ಕುಳಿತರೆ ಆ ಪೊರೆ ಎಷ್ಟೆಂದು ತಡೆದೀತು?

ಎಣ್ಣೆ ಹಚ್ಚಿ ಒರೆಸಿದ್ದರೆ ಆ ಚುಕ್ಕೆಗಳು ಹೋಗುತ್ತಿದ್ದವು. ನಾನು ಮಾಡಿದ್ದು ಬೇರೆ. ಗುಂಡು ತುಂಬುವ ಸಿಲಿಂಡರ್ ತೆರೆದು ಅದರ ಎಲ್ಲ ಮನೆಗಳೂ ಖಾಲಿ ಎಂದು ಎರಡು ಸಲ ನೋಡಿ, ಗುಂಡುಗಳನ್ನು ಇನ್ನೊಂದು ಕೋಣೆಯಲ್ಲಿಟ್ಟು ಬಂದೆ. (ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ.) ಆಮೇಲೆ ಪಾತ್ರೆ ತಿಕ್ಕುವ ಸ್ಟೀಲ್ ವುಲ್‌ನಿಂದ ಉಜ್ಜಿದೆ. ಅದು ಮಾಮೂಲಿ ಕಬ್ಬಿಣದ ಎಳೆ. ಅದರ ಪುಡಿ ಸ್ಟೇನ್‌ಲೆಸ್‌ನ ಗೀರುಗಳಲ್ಲಿ ಕಚ್ಚಿಕೊಂಡು ತಾನೇ ತುಕ್ಕು ಹಿಡಿಯುತ್ತದೆ. ಮೂರನೆಯ ದಿನಕ್ಕೆ ಮೊದಲಿಗಿಂತ ಹೆಚ್ಚು ಚುಕ್ಕೆಗಳು. ಸಿಟ್ಟು ಬಂತು. ಚಿಕ್ಕಮಗಳೂರಿಗೆ ಹೋಗಿ ಹಾರ್ಡ್‌ವೇರ್ ಅಂಗಡಿಯಿಂದ 400, 800, 1500, 2000 ನಂಬರಿನ ನೀರಿನ ಉಪ್ಪುಕಾಗದ ತಂದೆ; ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು. ಕೊನೆಗೆ ಹಿತ್ತಾಳೆ ದೀಪ ಬೆಳಗುವ ಪಾಲಿಷ್, ಹಳೆಯ ಬನಿಯನ್ ಬಟ್ಟೆ. ಮೂರು ಸಂಜೆ ಉಜ್ಜಿ ಬಲಬದಿಯನ್ನೂ ಹಿಡಿಯ ತಳವನ್ನೂ ಮುಗಿಸಿದೆ. ಎಡಬದಿಗೆ ಬರುವಷ್ಟರಲ್ಲಿ ಬೆರಳು ಬೊಬ್ಬೆ ಬಂದು ಕೈಬಿಟ್ಟೆ.

ದೀಪದ ಬೆಳಕಿನಲ್ಲಿ ಚೆನ್ನಾಗಿಯೇ ಕಂಡಿತು. ಬೆಳಗಿನ ಬಿಸಿಲಿಗೆ ಹಿಡಿದಾಗ ಗೊತ್ತಾದದ್ದು ಬೇರೆ. ಒಳಗಿನ ಯಂತ್ರವನ್ನು ಮುಚ್ಚುವ ಪಕ್ಕದ ತಗಡು ಚೌಕಟ್ಟಿಗೆ ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಸಂದು ಹುಡುಕಬೇಕಾಗಿತ್ತು. ಈಗ ಅಲ್ಲಿ ಸಣ್ಣ ಕಾಲುವೆ. ಬೆರಳಿನಲ್ಲಿ ಒತ್ತಿ ಉಜ್ಜಿದರೆ ಕಾಗದ ಅಂಚುಗಳನ್ನೇ ಹೆಚ್ಚು ತಿನ್ನುತ್ತದೆ. ತಿರುಪುಗಳ ಸುತ್ತ ತಗ್ಗು ಬಿದ್ದಿತ್ತು, ನಳಿಕೆಯ ಮೇಲಿನ ಅಕ್ಷರಗಳು ಕರಗಿದ ಬೆಲ್ಲದ ಹಾಗಾಗಿದ್ದವು. 400ರ ಆಳದ ಗೀರುಗಳು 2000ದ ಹೊಳಪಿನ ಕೆಳಗೆ ಹಾಗೆಯೇ ಇದ್ದವು. ಮುಟ್ಟಿದ ಕಡೆಯೆಲ್ಲ ಬೆರಳಚ್ಚು. ಆದರೂ ಹೂವು, ಕುಂಕುಮದ ನಡುವೆ ಯಾರಿಗೆ ಕಾಣುತ್ತದೆ ಎಂದು ಪೂಜೆಗೆ ಇಟ್ಟೆ.

ಕಂಡದ್ದು ಮಾರ್ಚ್‌ನಲ್ಲಿ. 2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು, ಆಯುಧಗಳನ್ನು ಠಾಣೆಗೆ ಒಪ್ಪಿಸಲು ಹೇಳಿದರು. ರಸೀದಿ ಬರೆಯುವವರು ಪರವಾನಗಿ ಪುಸ್ತಕ ತೆರೆದಿಟ್ಟುಕೊಂಡು ಹಿಡಿಯ ತಳವನ್ನು ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದರ ಕೊನೆಯ ಎರಡು ಅಂಕಿ ಎಲ್ಲಿ ಹೋದವು ಗೌಡರೇ?"

"ಪಾಲಿಷ್ ಮಾಡಿದೆ ಸರ್, ಪೂಜೆಗೆ" ಎಂದೆ. ಆ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಬಗ್ಗೆ ನಾನು ಕೇಳಿದ್ದು ಅಂದೇ ಮೊದಲು. ಬಂದೂಕಿನ ಮೇಲಿನ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದಾಗಲಿ, ತಿದ್ದುವುದಾಗಲಿ ಕೂಡದು. ಅಷ್ಟೇ ಅಲ್ಲ, ಗುರುತು ಅಳಿದ ಬಂದೂಕು ಯಾರ ಬಳಿ ಇದೆಯೋ ಅವರೇ ಅಳಿಸಿದ್ದಾರೆ ಎಂದು ಕಾನೂನು ಭಾವಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊರೆ ನಮ್ಮ ತಲೆಯ ಮೇಲೆ. ನನ್ನ ವಿಷಯದಲ್ಲಿ ಸಾಬೀತು ಮಾಡಲು ಏನಿದೆ, ಅಳಿಸಿದ್ದು ನಾನೇ ತಾನೇ! ನನ್ನನ್ನು ಉಳಿಸಿದ್ದು ಆ ರಿವಾಲ್ವರ್ ಮಾಡಿದವನು. ಸಿಲಿಂಡರ್ ಹೊರಗೆ ಸರಿಸಿದಾಗ ಕಾಣುವ ಚೌಕಟ್ಟಿನ ಒಳಬದಿಯಲ್ಲಿ ಅದೇ ಸಂಖ್ಯೆಯನ್ನು ಇನ್ನೊಮ್ಮೆ ಒತ್ತಿದ್ದ. ನನ್ನ ಉಪ್ಪುಕಾಗದ ಅಲ್ಲಿಗೆ ತಲುಪಿರಲಿಲ್ಲ. ಅದನ್ನು ಪುಸ್ತಕಕ್ಕೆ ತಾಳೆ ನೋಡಿ, ನನ್ನಿಂದ ವಿವರಣೆ ಬರೆಸಿಕೊಂಡು, ರಿವಾಲ್ವರ್ ಒಳಗಿಟ್ಟುಕೊಂಡರು. ಏಪ್ರಿಲ್ 26ಕ್ಕೆ ನಮ್ಮಲ್ಲಿ ಮತದಾನ ಮುಗಿಯಿತು. ಉಳಿದವರ ಕೋವಿಗಳು ಮನೆಗೆ ಮರಳಿದ ಮೇಲೂ ನಾನು ಠಾಣೆಗೆ, ಜಿಲ್ಲಾಧಿಕಾರಿ ಕಚೇರಿಗೆ ಅಲೆಯುತ್ತಲೇ ಇದ್ದೆ. ಅದು ಕೈಗೆ ಬರುವಾಗ ಮಳೆ ಹಿಡಿದಿತ್ತು.

ಪರವಾನಗಿ ಇರುವ ರಿಪೇರಿಯವರಿಗೆ ತೋರಿಸಿದಾಗ ಅವರು ಮೊದಲು ಕೇಳಿದ್ದು ಹೊಳಪಿನ ಮಾತಲ್ಲ. "ಒಳಗೆ ಬಿಚ್ಚಿ ಹ್ಯಾಮರ್, ಟ್ರಿಗರ್ ಉಜ್ಜಿದ್ದೀರಾ?" ಇಲ್ಲ ಎಂದೆ, ಸ್ಕ್ರೂಡ್ರೈವರ್ ಸರಿಹೊಂದದೆ ಬಿಟ್ಟದ್ದು ಎಂದು ಮಾತ್ರ ಹೇಳಲಿಲ್ಲ. ಗುಂಡು ಸಿಡಿಸಲು ಬಡಿಯುವ ಹ್ಯಾಮರ್, ಅದನ್ನು ಬಿಡಿಸುವ ಟ್ರಿಗರ್, ಇವೆರಡೂ ಒಂದನ್ನೊಂದು ಹಿಡಿಯುವ ಅಂಚು ಕೂದಲೆಳೆಯಷ್ಟು, ಅದರ ಗಡಸು ಮೇಲ್ಪದರವೂ ತೆಳು. ಅದು ಸವೆದರೆ ಎಳೆದು ನಿಲ್ಲಿಸಿದ ಹ್ಯಾಮರ್ ಟ್ರಿಗರ್ ಒತ್ತದೆಯೇ ಜಾರಿ ಬೀಳಬಹುದು. ನಳಿಕೆಯ ಬಾಯಿಯ ಅಂಚು, ಸಿಲಿಂಡರ್ ಮೇಲಿನ ಕಚ್ಚುಗಳು, ಇವನ್ನೂ ಮುಟ್ಟಬಾರದಂತೆ. ಸಿಲಿಂಡರ್ ಮುಂಭಾಗದ ಕಪ್ಪು ಉಂಗುರಗಳು ಗುಂಡು ಹಾರಿಸಿದರೆ ಮತ್ತೆ ಬರುವಂಥವು, ಅವನ್ನು ಕೆರೆಯುತ್ತಾ ಕೂರುವುದು ವ್ಯರ್ಥ ಎಂದರು. ಬಲಬದಿಯನ್ನು ಮೊದಲಿನ ಹಾಗೆ ಮಾಡಬಹುದೇ ಎಂದು ಕೇಳಿದೆ. ಗೆರೆ ಎಳೆದುಕೊಡಬಹುದು, ಹೋದ ಲೋಹವನ್ನು ಎಲ್ಲಿಂದ ತರಲಿ ಎಂದರು.

ಈಗ ಅದಕ್ಕೆ ಬಂದೂಕಿನ ಎಣ್ಣೆ, ಹತ್ತಿ ಬಟ್ಟೆ, ಸಂದುಗಳಿಗೆ ನೈಲಾನ್ ಬ್ರಷ್ ಮಾತ್ರ. ಚರ್ಮದ ಚೀಲ ಬೇರೆ ಕಡೆ ಇರುತ್ತದೆ. ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳು. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒರೆಸುತ್ತೇನೆ. ಆಮೇಲಿನ ಆಯುಧಪೂಜೆಗೂ ಅದನ್ನು ಇಟ್ಟೆವು. ಕುಂಕುಮ ಹಚ್ಚಲು ಬಂದ ಅಮ್ಮ ಒಮ್ಮೆ ನನ್ನ ಮುಖ ನೋಡಿ, ಮಾತಾಡದೆ ಅದನ್ನು ಮಗುಚಿ ಎಡಬದಿ ಮೇಲೆ ಬರುವಂತೆ ಇಟ್ಟರು.