ಕೌಲಾಲಂಪುರದಿಂದ ಲಾವೋಸ್‌ವರೆಗೆ ‘ಒಂದೇ ಟಿಕೆಟ್’ ಅಂದರೆ ದಯವಿಟ್ಟು ಹಣ ಕೊಡಬೇಡಿ

ಮಲೇಷ್ಯಾ, ಥಾಯ್ಲೆಂಡ್, ಲಾವೋಸ್ ಮೂರನ್ನೂ ರೈಲಿನಲ್ಲೇ ದಾಟಬೇಕು ಅನ್ನುವ ಆಸೆ ಈಗ ನಮ್ಮ ಕಡೆ ತುಂಬಾ ಜನಕ್ಕಿದೆ. ಆಸೆ ಹುಟ್ಟುವುದು ಸಹಜವೇ. 2021ರ ಡಿಸೆಂಬರ್‌ನಲ್ಲಿ ಲಾವೋಸ್–ಚೀನಾ ರೈಲು ಶುರುವಾಯಿತು. 2024ರ ಜುಲೈನಿಂದ ಬ್ಯಾಂಕಾಕ್ ಮತ್ತು ಲಾವೋಸ್ ರಾಜಧಾನಿ ವಿಯೆಂಟಿಯಾನ್ ನಡುವೆ ನೇರ ರಾತ್ರಿ ರೈಲೂ ಓಡುತ್ತಿದೆ. ಕೌಲಾಲಂಪುರದಲ್ಲಿ ಹತ್ತಿದರೆ ಗಡಿಗಳಲ್ಲಿ ಬಸ್ಸು ಹಿಡಿಯದೆ ಉತ್ತರ ಲಾವೋಸ್‌ನ ಲುವಾಂಗ್ ಪ್ರಬಾಂಗ್ ಊರು ತಲುಪಬಹುದು. ಇದನ್ನೇ ಬಂಡವಾಳ ಮಾಡಿಕೊಂಡು ‘ಮೂರು ದೇಶ, ಒಂದೇ ಟಿಕೆಟ್, ಹೋಟೆಲೂ ಸೇರಿ’ ಅಂತ ಮಾರುವವರು ಹುಟ್ಟಿಕೊಂಡಿದ್ದಾರೆ. ಅಂಥ ಒಬ್ಬ ಏಜೆಂಟ್‌ನಿಂದ ನಾವು ಐದು ಜನ ಸ್ನೇಹಿತರು ಬ್ಯಾಂಕಾಕ್‌ನಲ್ಲಿ ಬೀದಿಗೆ ಬಿದ್ದೆವು. ರಜೆಗೆ ಹೊರಡುವ ಯೋಚನೆಯಲ್ಲಿರುವವರು ಇದನ್ನು ಪೂರ್ತಿ ಓದಿ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಈ ದಾರಿಗೆ ಒಂದೇ ಟಿಕೆಟ್ ಅನ್ನುವುದು ಇಲ್ಲವೇ ಇಲ್ಲ. ಮಲೇಷ್ಯಾದಲ್ಲಿ ಕೆಟಿಎಂ ಅನ್ನುವ ರೈಲ್ವೆ, ಥಾಯ್ಲೆಂಡ್‌ನಲ್ಲಿ ಅಲ್ಲಿನ ಸರ್ಕಾರಿ ರೈಲ್ವೆ, ಲಾವೋಸ್‌ನಲ್ಲಿ ಲಾವೋಸ್–ಚೀನಾ ರೈಲ್ವೆ. ಮೂರೂ ಬೇರೆ ಬೇರೆ. ಒಬ್ಬರ ರೈಲು ತಡವಾದರೆ ಇನ್ನೊಬ್ಬರು ಕಾಯುವುದಿಲ್ಲ, ದುಡ್ಡೂ ವಾಪಸ್ ಕೊಡುವುದಿಲ್ಲ. ಹಳಿಯೇ ಒಂದಲ್ಲ. ಮಲೇಷ್ಯಾ, ಥಾಯ್ಲೆಂಡ್‌ನದು ಮೀಟರ್ ಗೇಜ್, ನಮ್ಮ ಮೈಸೂರು ಲೈನ್ ಹಿಂದೆ ಇದ್ದ ಹಾಗೆ. ಲಾವೋಸ್‌ನ ಹೊಸ ಲೈನ್ ಅದಕ್ಕಿಂತ ಅಗಲದ ಸ್ಟ್ಯಾಂಡರ್ಡ್ ಗೇಜ್. ಹಾಗಾಗಿ ನಡುವೆ ರೈಲು ಬದಲಿಸಲೇಬೇಕು.

ಏಜೆಂಟ್ ಮಾಡಿದ ಉಪಾಯ ಹೇಗಿತ್ತು ಅಂದರೆ, ಅರ್ಧ ಹಣ ಮೊದಲು, ಉಳಿದದ್ದು ‘ಪ್ರಯಾಣ ಶುರುವಾದ ಮೇಲೆ ಕೊಡಿ ಸಾಕು’. ಇದನ್ನು ಕೇಳಿದರೆ ಯಾರಿಗಾದರೂ ನಂಬಿಕೆ ಬರುತ್ತದೆ ಅಲ್ವಾ? ಮೊದಲ ಎರಡು ಟಿಕೆಟ್ ಅಸಲಿಯೇ ಆಗಿದ್ದವು. ಕೌಲಾಲಂಪುರದಿಂದ ಥಾಯ್ ಗಡಿಯ ಪಡಾಂಗ್ ಬೆಸಾರ್‌ಗೆ ಕೆಟಿಎಂನ ಇಟಿಎಸ್ ಅನ್ನುವ ವಿದ್ಯುತ್ ರೈಲು, ಅಲ್ಲಿಂದ ಬ್ಯಾಂಕಾಕ್‌ಗೆ ಸ್ಲೀಪರ್. ಪಡಾಂಗ್ ಬೆಸಾರ್‌ನಲ್ಲಿ ಎರಡೂ ದೇಶದ ಇಮಿಗ್ರೇಷನ್ ಒಂದೇ ಸ್ಟೇಷನ್ ಒಳಗಿದೆ, ಅದೇನೂ ಕಷ್ಟವಿಲ್ಲ. ಕಷ್ಟ ಬಂದಿದ್ದು ಗಡಿಯಾರದಿಂದ. ಮಲೇಷ್ಯಾದ ಹೊತ್ತು ಥಾಯ್ಲೆಂಡ್‌ಗಿಂತ ಒಂದು ಗಂಟೆ ಮುಂದೆ. ಏಜೆಂಟ್ ಕೊಟ್ಟ ಚೀಟಿಯಲ್ಲಿದ್ದದ್ದು ಮಲೇಷ್ಯಾ ಹೊತ್ತು, ಆದರೆ ಯಾವ ದೇಶದ್ದು ಅಂತ ಬರೆದಿರಲಿಲ್ಲ. ಗಡಿಯಲ್ಲಿ ನಮ್ಮ ಫೋನುಗಳು ಥಾಯ್ ನೆಟ್‌ವರ್ಕ್ ಹಿಡಿದು ಒಂದು ಗಂಟೆ ಹಿಂದಕ್ಕೆ ಹೋದವು. ಇನ್ನೂ ಬೇಕಾದಷ್ಟು ಸಮಯವಿದೆ ಅಂತ ಊಟಕ್ಕೆ ಹೊರಟಿದ್ದವರನ್ನು ಅಲ್ಲಿದ್ದ ಒಬ್ಬ ಹಿರಿಯ ಪ್ರಯಾಣಿಕರು ಕೂಗಿ ತಡೆಯದಿದ್ದರೆ ರೈಲು ತಪ್ಪುತ್ತಿತ್ತು. ಈ ಗಡಿಯಲ್ಲಿ ಯಾವ ಹೊತ್ತು ಬರೆದಿದ್ದರೂ ‘ಯಾವ ದೇಶದ್ದು’ ಅಂತ ಕೇಳಿಯೇ ಮುಂದುವರಿಯಿರಿ.

ಥಾಯ್ ಸ್ಲೀಪರ್ ಮಾತ್ರ ಚೆನ್ನಾಗಿತ್ತು, ಹೇಳಲೇಬೇಕು. ಸಂಜೆ ಸಹಾಯಕರು ಬಂದು ಸೀಟುಗಳನ್ನು ಹಾಸಿಗೆ ಮಾಡಿ, ಪರದೆ ಎಳೆದು ಕೊಡುತ್ತಾರೆ. ಕೆಳಗಿನ ಬರ್ತ್ ಅಗಲ, ಮೇಲಿನದು ಅಗ್ಗ. ಆ ರೈಲಿನಲ್ಲಿ ಕೂತಿರುವಾಗಲೇ ಬಾಕಿ ಹಣ ಕಳಿಸಿ ಅಂತ ಮೆಸೇಜ್ ಬಂತು. ಎರಡು ಪ್ರಯಾಣ ಸರಿಯಾಗಿ ನಡೆದಿತ್ತು, ಕಳಿಸಿದೆವು. ಆಮೇಲೆ ಬ್ಯಾಂಕಾಕ್‌ನಿಂದ ವಿಯೆಂಟಿಯಾನ್‌ಗೆ ಹೋಗುವ ರೈಲಿಗೆ ಅಂತ ಬಂದದ್ದು ಟಿಕೆಟ್ ಅಲ್ಲ, ಒಂದು ವೋಚರ್.

ಆ ವೋಚರ್ ಹೇಗಿತ್ತು ಅಂತ ಸರಿಯಾಗಿ ಹೇಳುತ್ತೇನೆ, ನಿಮಗೂ ಅಂಥದ್ದೇ ಬರಬಹುದು. ಮೇಲೆ ರೈಲಿನ ಚಂದದ ಫೋಟೋ. ಐದೂ ಜನರ ಹೆಸರು, ಪಾಸ್‌ಪೋರ್ಟ್ ನಂಬರ್ ತಪ್ಪಿಲ್ಲದೆ ಇದ್ದವು. ಹಸಿರು ಅಕ್ಷರದಲ್ಲಿ ‘ಕನ್ಫರ್ಮ್ಡ್’. ಆದರೆ ಬೋಗಿ ನಂಬರ್ ಇಲ್ಲ, ಬರ್ತ್ ನಂಬರ್ ಇಲ್ಲ, ಸ್ಕ್ಯಾನ್ ಮಾಡುವ ಕೋಡ್ ಇಲ್ಲ. ‘ಅಸಲಿ ಟಿಕೆಟ್ ಹುವಾ ಲಾಂಫೋಂಗ್ ಸ್ಟೇಷನ್ ಎದುರಿನ ಆಫೀಸಿನಲ್ಲಿ ಪಡೆಯಿರಿ’ ಅಂತ ಕೆಳಗೆ ಒಂದು ಸಾಲು. ಹುವಾ ಲಾಂಫೋಂಗ್ ಅಂದರೆ ಬ್ಯಾಂಕಾಕ್‌ನ ಹಳೆಯ ದೊಡ್ಡ ಸ್ಟೇಷನ್.

ಆ ಆಫೀಸಿಗೆ ಹೋದರೆ ಷಟರ್ ಎಳೆದಿತ್ತು. ಅಕ್ಕಪಕ್ಕದ ಅಂಗಡಿಯವರಿಗೆ ಅಂಥ ಹೆಸರೇ ಗೊತ್ತಿರಲಿಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ ‘ಹತ್ತು ನಿಮಿಷ ಸರ್, ಹುಡುಗ ಬರ್ತಿದ್ದಾನೆ’ ಅಂತ ಉತ್ತರ. ಹುಡುಗ ಬರಲಿಲ್ಲ. ಇನ್ನೊಂದು ಮುಖ್ಯ ವಿಷಯ ಕೇಳಿ. 2023ರ ಜನವರಿಯಿಂದ ದೂರದ ರೈಲುಗಳಲ್ಲಿ ಹೆಚ್ಚಿನವು ಹುವಾ ಲಾಂಫೋಂಗ್‌ನಿಂದ ಹೊರಡುವುದೇ ಇಲ್ಲ. ಅವು ಹೊರಡುವುದು ಬಾಂಗ್ ಸೂ ಕಡೆಯ ಕ್ರುಂಗ್ ಥೆಪ್ ಅಪಿವಾಟ್ ಅನ್ನುವ ದೊಡ್ಡ ಹೊಸ ಟರ್ಮಿನಲ್‌ನಿಂದ. ವಿಯೆಂಟಿಯಾನ್ ರೈಲೂ ಅಲ್ಲಿಂದಲೇ. ಸಂಜೆಯ ಜನಜಂಗುಳಿಯಲ್ಲಿ ಲಗೇಜ್ ಹೊತ್ತುಕೊಂಡು ನೀಲಿ ಲೈನ್ ಮೆಟ್ರೋದಲ್ಲಿ ಊರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿದೆವು.

ಕೌಂಟರ್‌ನಲ್ಲಿದ್ದ ಹೆಂಗಸು ನಮ್ಮ ವೋಚರ್ ನೋಡಿ ಏನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದವರ ಟಿಕೆಟ್ ಕೇಳಿ ಪಡೆದು ನಮ್ಮ ಫೋನಿನ ಪಕ್ಕ ಇಟ್ಟರು. ರೈಲು ನಂಬರ್, ಬೋಗಿ, ಬರ್ತ್, ಕೋಡ್, ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. ನಮ್ಮದರಲ್ಲಿ ಒಂದೂ ಇರಲಿಲ್ಲ. ಆಮೇಲೆ ನಮ್ಮ ಪಾಸ್‌ಪೋರ್ಟ್ ತೆಗೆದುಕೊಂಡು ಕಂಪ್ಯೂಟರ್‌ನಲ್ಲಿ ಹುಡುಕಿದರು. ನಮ್ಮ ಹೆಸರಿನಲ್ಲಿ ಯಾವ ಬುಕಿಂಗೂ ಇರಲಿಲ್ಲ. ಸ್ಲೀಪರ್ ಭರ್ತಿಯಾಗಿತ್ತು. ಕೂರುವ ಸೀಟು ಸಿಕ್ಕಿದ್ದೇ ಪುಣ್ಯ. ಬೆನ್ನುನೋವಿರುವ ನಮ್ಮ ಗೆಳತಿ ಇಡೀ ರಾತ್ರಿ ನೆಟ್ಟಗೆ ಕೂತು ಬಂದಳು. ಅವಳ ಮುಖ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವಿಯೆಂಟಿಯಾನ್‌ನಲ್ಲಿ ಎರಡನೇ ಪೆಟ್ಟು. ಬ್ಯಾಂಕಾಕ್ ರೈಲು ನಿಲ್ಲುವುದು ಖಮ್‌ಸವಾತ್ ಸ್ಟೇಷನ್‌ನಲ್ಲಿ. ಲುವಾಂಗ್ ಪ್ರಬಾಂಗ್‌ಗೆ ರೈಲು ಹೊರಡುವುದು ಚೀನಾದವರು ಕಟ್ಟಿದ ಇನ್ನೊಂದು ಸ್ಟೇಷನ್‌ನಿಂದ. ನಡೆದು ಹೋಗುವ ದೂರವಲ್ಲ, ವ್ಯಾನ್ ಬೇಕು. ನಮ್ಮ ಚೀಟಿಯಲ್ಲಿ ಎರಡಕ್ಕೂ ‘ವಿಯೆಂಟಿಯಾನ್ ಸ್ಟೇಷನ್’ ಅಂತಲೇ ಬರೆದು, ನಡುವೆ ಬರೀ ಒಂದು ಗಂಟೆ ಕೊಟ್ಟಿದ್ದರು. ಅಷ್ಟರಲ್ಲಿ ರೈಲು ಇಳಿದು, ಲಾವೋಸ್ ವೀಸಾ ಮಾಡಿಸಿ, ಮುದ್ರೆ ಹಾಕಿಸಿಕೊಂಡು ಊರಾಚೆಯ ಸ್ಟೇಷನ್ ತಲುಪಲು ಯಾರಿಗೂ ಆಗುವುದಿಲ್ಲ. ವೀಸಾಕ್ಕೆ ಫೋಟೋ ಮತ್ತು ಮಡಿಕೆ ಬೀಳದ ಡಾಲರ್ ನೋಟು ಕೈಯಲ್ಲಿರಲಿ.

ಅಲ್ಲಿನ ಟಿಕೆಟ್ ಕೂಡ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಲಾವೋಸ್ ರೈಲಿನ ಟಿಕೆಟ್ ಮಾರಾಟಕ್ಕೆ ಬಿಡುವುದು ಪ್ರಯಾಣದ ದಿನ ಹತ್ತಿರ ಬಂದ ಮೇಲೆ. ನಮ್ಮ ಏಜೆಂಟ್ ತಿಂಗಳುಗಳ ಹಿಂದೆಯೇ ‘ಕನ್ಫರ್ಮ್’ ಅಂದಿದ್ದ. ಇನ್ನೂ ಹುಟ್ಟದ ಟಿಕೆಟನ್ನು ಅವನು ಮಾರಿದ್ದ! ನಾವೇ ಮಾರನೇ ದಿನಕ್ಕೆ ಟಿಕೆಟ್ ಕೊಂಡೆವು, ರೈಲ್ವೆಯ ಆ್ಯಪ್‌ನಲ್ಲೂ ಸಿಗುತ್ತದೆ. ಒಳಗೆ ವಿಮಾನ ನಿಲ್ದಾಣದ ಹಾಗೆ ತಪಾಸಣೆ. ಹಣ್ಣು ಹೆಚ್ಚುವ ಚಾಕು, ಬಾಡಿ ಸ್ಪ್ರೇ ಎರಡನ್ನೂ ತೆಗೆದಿಟ್ಟುಕೊಂಡರು. ಗೇಟು ರೈಲು ಹೊರಡುವ ಮುಂಚೆಯೇ ಮುಚ್ಚುತ್ತದೆ, ಬೇಗ ಹೋಗಿ.

ಹಣದ ವಿಷಯಕ್ಕೆ ಬರೋಣ. ನಮ್ಮಲ್ಲಿ ನಾಲ್ಕು ಜನ ಯುಪಿಐನಲ್ಲಿ ಕಳಿಸಿದ್ದೆವು, ಅದೂ ಕಂಪನಿ ಖಾತೆಗಲ್ಲ, ಯಾರದೋ ಸ್ವಂತ ಖಾತೆಗೆ. ಅದು ಇಲ್ಲಿಯವರೆಗೂ ಬಂದಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದ ಒಬ್ಬನ ಬ್ಯಾಂಕ್ ಮಾತ್ರ ತಕರಾರು ದಾಖಲಿಸಿಕೊಂಡಿದೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಕಾನೂನು ಪ್ರಕಾರ ಟಿಸಿಎಸ್ (ಮಾರುವಾಗಲೇ ಗ್ರಾಹಕರಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ವಸೂಲಿ ಮಾಡಬೇಕು, ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಬೇಕು. ‘ಬಿಲ್ ಬೇಡ ಅಂದ್ರೆ ಟಿಸಿಎಸ್ ಉಳಿಯುತ್ತೆ’ ಅಂದರೆ ಅಲ್ಲೇ ಮಾತು ನಿಲ್ಲಿಸಿ.

ಈಗಾಗಲೇ ಅಂಥ ಯಾರಿಗಾದರೂ ಹಣ ಕೊಟ್ಟಿದ್ದರೆ, ಥಾಯ್ ರೈಲಿನ ಬೋಗಿ ಮತ್ತು ಬರ್ತ್ ನಂಬರ್ ಇವತ್ತೇ ಕೇಳಿ. ಕೊಡದಿದ್ದರೆ ಬಾಕಿ ಹಣ ಕಳಿಸಬೇಡಿ. ಥಾಯ್ ರೈಲ್ವೆಯ ಡಿ-ಟಿಕೆಟ್ ಜಾಲತಾಣದಲ್ಲಿ ನೀವೇ ಬುಕ್ ಮಾಡಬಹುದು, ಐದೇ ನಿಮಿಷದ ಕೆಲಸ. ಪಡಾಂಗ್ ಬೆಸಾರ್‌ನಿಂದ ಹೊರಡುವ ಸ್ಲೀಪರ್ ಬೋಗಿಗಳು ಕೆಲವೇ ಇರುವುದರಿಂದ ಅದನ್ನು ಮೊದಲು ಮಾಡಿ. ಹಣ ಹೋಗಿದ್ದೇ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ, ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿ. ವೋಚರ್, ಚಾಟ್, ಹಣ ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ. ನಮ್ಮ ದೂರು ಈಗ ಅವುಗಳ ಮೇಲೆಯೇ ನಿಂತಿದೆ.